ಎಲ್ಲದಕ್ಕೂ ಹೌದೆನ್ನುವ ದೇಜಪ್ಪ

ಕುಂಬಳಕಾಯಿ ಕಳ್ಳ ಯಾರು ಅಂದರೆ, ಕುಂಬಳಕಾಯಿಯನ್ನೇ ಕಾಣದವನು ಹೆಗಲು ಕೊಟ್ಟನಂತೆ. ಗಾದೆ ತಿರುಚಿದ್ದಕ್ಕೆ ಗದರಬೇಡಿ. ಕಥೆಯನ್ನು ತಿರುಚಿಲ್ಲ, ನಡೆದದ್ದು ನಡೆದ ಹಾಗೇ ಇದೆ.

ಎಣ್ಣೆಯ ಬೆಲೆ ಇಳಿದು, ಎಣ್ಣೆಯನ್ನು ನಂಬಿದವರ ಮುಖವೂ ಇಳಿದಿದ್ದ ವರ್ಷ ಅದು. ಕೊಲ್ಲಿ ದೇಶದ ಬೌಷರಿನ ಕಂಪನಿ ಫ್ಲಾಟಿನಲ್ಲಿ ಗುರುವಾರ ಸಂಜೆಯ ಗಮ್ಮತ್ತು ಮಾತ್ರ ಇಳಿದಿರಲಿಲ್ಲ. ಮರುದಿನ ರಜೆ. ಮೀನು ಸಾರಿನ ಪಾತ್ರೆ ಬರಿದಾದ ಮೇಲೆ ಆಫೀಸಿನ ಗುಮಾಸ್ತ ಶ್ರವಣ್ ಎದ್ದು ಗಂಟಲು ಸರಿಮಾಡಿಕೊಂಡನೆಂದರೆ ಮ್ಯಾನೇಜರು, ವೀಸಾ ಕೊಟ್ಟ ಧಣಿ ಕಫೀಲ್, ವಿಮಾನದ ಗಗನಸಖಿ, ಎಲ್ಲರೂ ಅವನ ಬಾಯಿಂದ ಒಬ್ಬೊಬ್ಬರಾಗಿ ಇಳಿದು ಬರುತ್ತಿದ್ದರು. ಕೊನೆಯ ಐಟಂ ಯಾವತ್ತೂ ಒಂದೇ: ‘ದೇಜಪ್ಪಣ್ಣನ ಕೇಸು’.

ದೇಜಪ್ಪ ಸ್ಟೋರಿನ ಕೆಲಸದವನು, ಐವತ್ತು ದಾಟಿದವನು. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅವನ ಮೈಯನ್ನು ಬೆಳೆಯಲು ಬಿಟ್ಟು ಬುದ್ಧಿಯನ್ನು ಅಲ್ಲೇ ಕೂರಿಸಿಕೊಂಡಿತ್ತು. ಹೇಳಿದ ಪೆಟ್ಟಿಗೆಯನ್ನು ಹೇಳಿದ ರ‍್ಯಾಕಿನಲ್ಲಿಡುವುದರಲ್ಲಿ ಮಾತ್ರ ಅವನದು ಎತ್ತಿದ ಕೈ. ಶ್ರವಣ್ ಪೊಲೀಸ್ ಅಧಿಕಾರಿಯ ದಪ್ಪ ದನಿ ತೆಗೆದು, ಅರಬ್ಬಿ ಬೆರೆತ ಹಿಂದಿಯಲ್ಲಿ, ಕಾಣೆಯಾದ ಚಪ್ಪಲಿ ಕದ್ದವರು ಯಾರೆಂದು ಅವನನ್ನು ಕೇಳುತ್ತಿದ್ದ. ಮೊದಮೊದಲು ನಾನಲ್ಲ ಎಂದು ದೇಜಪ್ಪ ಅತ್ತದ್ದುಂಟು. ಆಮೇಲೆ ಕಲಿತ. ಇಲ್ಲವೆಂದರೆ ದನಿ ಏರುತ್ತದೆ. ಹೌದೆಂದರೆ ಎಲ್ಲರೂ ನಗುತ್ತಾರೆ, ಬೆನ್ನು ತಟ್ಟುತ್ತಾರೆ, ಖಲಾಸ್. ಆರು ವರ್ಷದ ಗುರುವಾರಗಳು ಅವನಿಗೆ ಅರೆದು ಕುಡಿಸಿದ ಪಾಠ ಅದು.

ಆ ಮಾರ್ಚಿನಲ್ಲಿ ಅಲ್ ಅಮೇರಾತ್‌ನ ಕಂಪನಿ ಯಾರ್ಡಿನಿಂದ ತಾಮ್ರದ ಕೇಬಲ್ ಸುತ್ತಿದ್ದ ಡ್ರಮ್ಮೊಂದು ಕಾಣೆಯಾಯಿತು. ಪೊಲೀಸರು ಸ್ಟೋರಿನವರನ್ನೆಲ್ಲ ವಿಚಾರಿಸಿದರು; ಮಾತು ದಾಟಿಸಲು ಕಂಪನಿಯ ಡ್ರೈವರ್ ಇದ್ದ. ದೇಜಪ್ಪನ ಸರದಿಯಲ್ಲಿ ಪ್ರಶ್ನೆ ದಪ್ಪ ದನಿಯಲ್ಲಿ ಬಂತು, ಉತ್ತರ ಅಭ್ಯಾಸದಂತೆ ಹೋಯಿತು. ಪಿಕಪ್ಪಿನಲ್ಲಿ ಒಯ್ದೆಯಾ? ಹೌದು. ನೀನೇ ಓಡಿಸಿದೆಯಾ? ಹೌದು. ಸೈಕಲ್ಲನ್ನೂ ತುಳಿಯಲು ಬಾರದವನು ಅರಬ್ಬಿ ಹಾಳೆಯ ಕೆಳಗೆ ಹೆಬ್ಬೆಟ್ಟು ಒತ್ತಿದ.

ವಕೀಲರೊಬ್ಬರ ಕಚೇರಿಯಲ್ಲಿ ಭಾಷಾಂತರ ಮಾಡುತ್ತಿದ್ದ ಮಂಗಳೂರಿನ ಸ್ಟೆಲ್ಲಾ ಲಾಕಪ್ಪಿನಲ್ಲಿ ಅವನನ್ನು ಕಂಡು ಬಂದು ಶ್ರವಣ್‌ಗೆ ಫೋನ್ ಮಾಡಿದಳು.

“ಅಳುದಿಲ್ಲ, ಹೆದರುದೂ ಇಲ್ಲ. ಬಾಗಿಲನ್ನೇ ನೋಡ್ತಾ ಕೂತಿದ್ದಾರೆ. ನಾನು ಹೌದು ಹೇಳಿ ಆಯ್ತಲ್ಲ, ಶ್ರವಣ ಯಾಕೆ ಇನ್ನೂ ನಗ್ಲಿಕ್ಕೆ ಬರ್ಲಿಲ್ಲ ಅಂತ ಕೇಳ್ತಾರೆ. ಎಂತ ಅದು?”

ಅವತ್ತಿನಿಂದ ಆ ದಪ್ಪ ದನಿ ಶ್ರವಣ್‌ನ ಬೆನ್ನು ಹತ್ತಿತು. ಲಿಫ್ಟಿನಲ್ಲಿ ಒಬ್ಬನೇ ಇರುವಾಗ, ಮುಖ ತೊಳೆಯುವಾಗ, ಮಾಲಿನ ಎಸ್ಕಲೇಟರಿನ ಗರಗರದ ನಡುವೆ, ‘ಸಚ್ ಬೋಲೋ’ ಎಂದು ಹಿಂದಿನಿಂದ ಕೇಳುತ್ತಿತ್ತು. ತಿರುಗಿದರೆ ಯಾರೂ ಇಲ್ಲ. ಮುಂದಿನ ಗುರುವಾರ ಗೆಳೆಯರ ಒತ್ತಾಯಕ್ಕೆ ಗಗನಸಖಿಯನ್ನು ಕರೆಯಲು ಬಾಯಿ ತೆರೆದ, ಬಂದದ್ದು ಪೊಲೀಸನೇ. ಮೂಲೆಯಲ್ಲಿ ದೇಜಪ್ಪನ ತಟ್ಟೆ ಬೋರಲು ಬಿದ್ದಿತ್ತು. ಯಾರಿಗೂ ಊಟ ಸೇರಲಿಲ್ಲ.

ಶ್ರವಣ್ ಎಲ್ಲವನ್ನೂ ಮ್ಯಾನೇಜರ್ ರಾಜಗೋಪಾಲರ ಮುಂದೆ ಬಿಚ್ಚಿಟ್ಟ. ಮೈಸೂರಿನ ಅವರು ಕೆಟ್ಟವರಲ್ಲ. ಇಬ್ರಾದಲ್ಲಿದ್ದ ಕಂಪನಿಯ ಸೈಟು ಮುಚ್ಚಿತ್ತು. ಕೆಲಸದಿಂದ ತೆಗೆದು ಊರಿಗೆ ಕಳಿಸಬೇಕಾದವರ ಪಟ್ಟಿ ಮೇಜಿನ ಮೇಲಿತ್ತು.

“ಅವರೇ ಒಪ್ಕೊಂಡಿದಾರೆ ಕಣ್ರೀ. ಕೇಸ್ ಮತ್ತೆ ಕೆದಕಿದ್ರೆ ಸ್ಟೋರಿನ ಹನ್ನೊಂದು ಜನರ ಮೇಲೂ ಅನುಮಾನ. ಅವರಿಗೂ ಹೆಂಡತಿ ಮಕ್ಕಳಿಲ್ವಾ? ಅದೂ ಅಲ್ದೆ, ಪೊಲೀಸರ ದನಿ ಅಣಕಿಸ್ತಿದ್ದೆ ಅಂತ ಹೋಗಿ ಪೊಲೀಸರಿಗೇ ಹೇಳ್ತೀರಾ?”

“ಹೇಳ್ತೇನೆ ಸಾರ್. ಹೌದು ಅನ್ಲಿಕ್ಕೆ ದೇಜಪ್ಪಣ್ಣನಿಗೆ ಕಲಿಸಿದ್ದು ನಾನು.”

“ಈ ಪಟ್ಟೀಲಿ ನಿಮ್ಮ ಹೆಸರು ಇನ್ನೂ ಇಲ್ಲ, ಶ್ರವಣ್,” ಎಂದು ಅವರು ಮೆಲ್ಲಗೆ ಹೇಳಿದರು. ಅದು ಬೆದರಿಕೆಯೋ ಕಾಳಜಿಯೋ ಅವರಿಗೂ ತಿಳಿದಿರಲಾರದು.

ಸ್ಟೆಲ್ಲಾಳ ವಕೀಲರು ಅವನನ್ನು ಸಾಕ್ಷಿಯಾಗಿ ಪ್ರಾಸಿಕ್ಯೂಷನ್ ಕಚೇರಿಗೆ ಕರೆದೊಯ್ದರು. ಬಿಳಿ ನಿಲುವಂಗಿ ತೊಟ್ಟ ವಯಸ್ಸಾದ ಅಧಿಕಾರಿ ಎಲ್ಲವನ್ನೂ ಕೇಳಿಸಿಕೊಂಡರು. ತಪ್ಪೊಪ್ಪಿಗೆಯಾದ ಮೇಲೆ ಕಥೆ ಹೊತ್ತು ಬರುವ ಗೆಳೆಯರನ್ನು ಬಹಳ ಕಂಡಿದ್ದೇನೆ ಎಂದರು. ಹಾಗಾದರೆ ದೇಜಪ್ಪಣ್ಣನಿಗೆ ನಾನು ಹೇಳುವ ಒಂದೇ ಒಂದು ಪ್ರಶ್ನೆ ಕೇಳಿ, ದನಿ ದಪ್ಪ ಮಾಡಿ ಕೇಳಿ ಎಂದು ಶ್ರವಣ್ ಬೇಡಿಕೊಂಡ. ಪ್ರಶ್ನೆ ಯಾವುದೆಂದು ತಿಳಿದಾಗ ಅವರು ಹುಬ್ಬು ಗಂಟಿಕ್ಕಿದರು. ಆದರೂ ದೇಜಪ್ಪನನ್ನು ಕರೆಸಿದರು.

ಶ್ರವಣ್‌ನನ್ನು ಕಂಡದ್ದೇ ದೇಜಪ್ಪನ ಮುಖ ಅರಳಿತು.

“ಮತ್ರಾದ ಸಮುದ್ರವನ್ನು ಕದ್ದವನು ನೀನಾ?” ಅಧಿಕಾರಿಯ ದನಿ ಗೋಡೆಗೆ ಬಡಿಯಿತು. ಸ್ಟೆಲ್ಲಾ ಅದನ್ನು ದೇಜಪ್ಪನ ಮನೆಮಾತಾದ ತುಳುವಿನಲ್ಲಿ ಹೇಳಿದಳು.

“ಹೌದು ಸಾರ್, ನಾನೇ.”

“ಎಲ್ಲಿಟ್ಟಿದ್ದೀ?”

“ಸ್ಟೋರಲ್ಲಿ. ಮೂರನೇ ರ‍್ಯಾಕಲ್ಲಿ.”

ಬರೆದುಕೊಳ್ಳುತ್ತಿದ್ದವನ ಪೆನ್ನು ನಿಂತಿತು. ಅಧಿಕಾರಿ ಹೆಬ್ಬೆಟ್ಟಿನ ಹಾಳೆಯನ್ನು ಎತ್ತಿ ನೋಡಿ ಬದಿಗಿಟ್ಟರು. ಇವನನ್ನು ಮೊದಲು ವೈದ್ಯರು ನೋಡಲಿ, ಅಲ್ಲಿಯವರೆಗೆ ಯಾರೂ ಏನನ್ನೂ ಕೇಳಕೂಡದು. ಕೇಳುವಾಗ ಇವನ ಭಾಷೆಯನ್ನೂ ಇವನನ್ನೂ ಬಲ್ಲವರೊಬ್ಬರು ಪಕ್ಕದಲ್ಲಿರಬೇಕು ಎಂದು ತಗ್ಗಿದ ದನಿಯಲ್ಲಿ ಬರೆಸಿದರು. ನಿನ್ನ ವಿಚಾರ ಬೇರೆಯಾಗಿ ಮಾತಾಡುವುದಿದೆ ಎಂದು ಶ್ರವಣ್‌ಗೂ ಹೇಳಿದರು. ಅವನು ತಲೆಯಾಡಿಸಿದ.

ದೇಜಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಅಧಿಕಾರಿ ನಗುತ್ತಿರಲಿಲ್ಲ. ಸ್ಟೆಲ್ಲಾ ನಗುತ್ತಿರಲಿಲ್ಲ. ಶ್ರವಣ್‌ಗಂತೂ ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ. ಇವರಿಗೆಲ್ಲ ಮರೆತೇ ಹೋಗಿದೆ ಎಂದುಕೊಂಡನೋ ಏನೋ, ಅವರಿಗೆ ನೆನಪಾಗಲೆಂದು ದೇಜಪ್ಪ ತಾನೇ ಮೊದಲು ನಕ್ಕ. ಯಾರೂ ಸೇರದಿದ್ದಾಗ ಇನ್ನಷ್ಟು ಗಟ್ಟಿಯಾಗಿ ನಕ್ಕ.