ಬಿಳಿ ಪಟ್ಟಿಯ ಹಂಡೆಗಳು

ಟೆಂಪೊ ಹೊರಡುವುದರಲ್ಲಿತ್ತು. ನಾನು ಚಹಾದ ಲೋಟ ಹಿಡಿದು ಗೋದಾಮಿನ ಬಾಗಿಲಲ್ಲಿ ನಿಂತು, ಮೋಡವೊಂದು ಒಂಟೆಯಾಗಿ ಆಮೇಲೆ ಹಂಡೆಯಾಗುವುದನ್ನು ನೋಡುತ್ತಿದ್ದೆ. ಕಣ್ಣು ಕೆಳಗಿಳಿದಾಗ ಟೆಂಪೊದಲ್ಲಿ ನಿಜವಾದ ಹಂಡೆಗಳು ಕಂಡವು. ಅವುಗಳ ಕೊರಳಿಗೆ ಕೆಂಪು ಪಟ್ಟಿ.

“ಓಬಳೇಶಣ್ಣ, ತಡಿ ತಡಿ! ಇವು ಎಲ್ಲಿಗೆ?”

ಡ್ರೈವರ್ ಓಬಳೇಶ ನಮ್ಮಲ್ಲಿಗೆ ಹೊಸಬ. “ಉಜ್ಜಿನಿಗವ್ವ, ಗೀತಮ್ಮಾರ ಮನಿಗೆ. ಮಗಳ ನಿಶ್ಚಯ ಐತಂತಲ್ಲ.”

“ಅವರಿಗೆ ಕೆಂಪು ಪಟ್ಟಿಯವು ಹಾಕೀಯಲ್ಲಣ್ಣ!”

“ನನ್ನೇನ್ ಕೇಳ್ತಿ? ನಿನ್ನ ಮಷೀನೇ ಹೇಳೈತಿ ನೋಡು.” ಮೊಬೈಲನ್ನು ನನ್ನ ಮುಖಕ್ಕೆ ಹಿಡಿದ. ‘ಪಾತ್ರೆ: ಯಾವುದಾದರೂ’ ಎಂದಿತ್ತು.

ಕೊಟ್ಟೂರಿನಲ್ಲಿ ನಮ್ಮದು ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಬಿಳಿ ಪಟ್ಟಿಯ ಹಂಡೆಯಲ್ಲಿ ಎಂದೂ ಮಾಂಸ ಬೆಂದಿಲ್ಲ; ಕೆಂಪು ಪಟ್ಟಿಯವು ಬಿರಿಯಾನಿಗೆ. ತೊಳೆಯುವ ಕಟ್ಟೆ ಬೇರೆ, ತಿಕ್ಕುವ ನಾರೂ ಬೇರೆ. ಗೀತಮ್ಮನವರಂಥ ಸುತ್ತಲಿನ ಲಿಂಗಾಯತರ ಮನೆಗಳವರು ಶುಭಕಾರ್ಯಕ್ಕೆ ರಾಜಾಸಾಬರ, ಅಂದರೆ ನಮ್ಮ ಅಬ್ಬಾನ, ಹಂಡೆಯನ್ನೇ ಕೇಳಿ ಒಯ್ಯುವುದು ಆ ಬಿಳಿ ಪಟ್ಟಿಯನ್ನು ನಂಬಿ. ಆ ನಂಬಿಕೆ ಹೋದರೆ ಅಂಗಡಿಯೇ ಹೋದಂತೆ.

ಅಬ್ಬಾ ಹೊರಗೆ ಬಂದು ನೋಡಿದ. ಬೈಯಲಿಲ್ಲ. ಹಂಡೆಗಳನ್ನು ಇಳಿಸಿ ಬಿಳಿ ಪಟ್ಟಿಯವನ್ನು ಹಾಕಿಸಿದ. ಟೆಂಪೊ ಹೋದ ಮೇಲೆ ನನ್ನ ಕಡೆ ತಿರುಗಿದ.

“ನೂರೀನ, ನಾಳಿಂದ ಆ ಮಷೀನ್ ಬಂದ್. ಬಾಗಳಿ ಮದುವಿ ದೊಡ್ಡದೈತಿ. ಎಲ್ಲಾ ನನ್ನ ತಲಿಯಾಗೇ ಇಟ್ಕೊಂತೀನಿ.”

“ಸಂಜಿತನಕ ಬಿಡು ಅಬ್ಬಾ. ಸಂಜಿಗೆ ನೀನೇ ಪರೀಕ್ಷೆ ಮಾಡು. ಫೇಲಾದ್ರ ನಾನೇ ಕಿತ್ತು ಒಗಿತೀನಿ.”

“ಮೋಡ ನೋಡ್ಕೊಂತ ನಿಂದ್ರಾಕಿ ಏನ್ ಸರಿ ಮಾಡ್ತಿ?”

“ಮೋಡ ನೋಡಿದ್ದಕ್ಕೇ ಹಂಡೆ ಕಂಡಿದ್ದು.”

ಅಬ್ಬಾ ನಗು ನುಂಗಿ ಒಳಗೆ ಹೋದ.

ತಪ್ಪು ಎಲ್ಲಿದೆಯೆಂದು ನನಗೆ ಆಗಲೇ ಹೊಳೆದಿತ್ತು. ಗಿರಾಕಿಗಳು ಫೋನಿನಲ್ಲಿ ಹೇಳುವ ಮಾತನ್ನು ಕೇಳಿ, ಆಯಾ ಆರ್ಡರನ್ನು ತಿದ್ದಲು ನಾನೊಂದು ಎಐ ಏಜೆಂಟ್ ಕೂರಿಸಿದ್ದೆ; ಅಬ್ಬಾ ‘ಮಷೀನ್’ ಅನ್ನುವುದು ಅದನ್ನೇ. ತಿದ್ದಲು ಅದು ಬಳಸುವ ಟೂಲ್, ಅಂದರೆ ಸಣ್ಣ ಪ್ರೋಗ್ರಾಮ್, ನಾನೇ ಬರೆದದ್ದು. ಗೀತಮ್ಮ ತಾರೀಖನ್ನಷ್ಟೇ ಬದಲಿಸಲು ಹೇಳಿದ್ದರು. ಏಜೆಂಟ್ ತಾರೀಖನ್ನಷ್ಟೇ ಕೊಟ್ಟಿತು. ಟೂಲ್ ಮಾತ್ರ ಇಡೀ ಆರ್ಡರನ್ನು ಅಳಿಸಿ ಹೊಸದಾಗಿ ಬರೆಯಿತು. ಕೊಡದೆ ಬಿಟ್ಟದ್ದೆಲ್ಲ ಖಾಲಿಯಾಯಿತು, ಖಾಲಿ ಇದ್ದಲ್ಲಿ ‘ಯಾವುದಾದರೂ’ ಬಂದು ಕೂತಿತು. ಏಜೆಂಟಿಗೆ ಟೂಲಿನ ಹೊಟ್ಟೆಯೊಳಗೆ ಏನಿದೆ ಎಂದು ಕಾಣುವುದಿಲ್ಲ. ಅದಕ್ಕೆ ಕಾಣುವುದು ನಾನು ಕೊಟ್ಟ ವಿವರಣೆ. ನಾನು ಕೊಟ್ಟಿದ್ದು ಎರಡೇ ಪದ: ‘ಆರ್ಡರ್ ಬದಲಿಸುತ್ತದೆ.’

ಪಡಸಾಲೆಯಲ್ಲಿ ದಾದಿ, ಅಂದರೆ ಅಬ್ಬಾನ ತಾಯಿ ಹಮೀದಾ ಬೀ, ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಅವಳೆಂದರೆ ಓಣಿಯ ಮಕ್ಕಳೆಲ್ಲ ಕಥೆಗೆ ಓಡಿಬರುತ್ತಾರೆ. ನಾನು ಅವಳ ಮಗ್ಗುಲಲ್ಲೇ ಬೆಳೆದವಳು. ನಡೆದದ್ದನ್ನು ಹೇಳಿದೆ.

“ಪರದೆ ಬದಲಿಸಿದ ಜಿನ್‌ನಂಗ ಆತಲ್ಲ ಬೇಟಿ,” ಎಂದಳು. ಅವಳ ಕಥೆಯಲ್ಲಿ ಒಬ್ಬ ಬೇಗಂ, ಹೇಳಿದ್ದನ್ನೆಲ್ಲ ಮಾಡುವ ಭೂತಕ್ಕೆ, ಅಂದರೆ ಜಿನ್‌ಗೆ, ‘ಕೋಣೆಯ ಪರದೆ ಬದಲಿಸು’ ಎಂದಳಂತೆ. ಬೆಳಗಾಗುವುದರಲ್ಲಿ ಮಹಲೇ ಇಲ್ಲ. ಬಯಲಲ್ಲಿ ಹೊಸ ಪರದೆಯೊಂದೇ ಗಾಳಿಗೆ ಹಾರುತ್ತಿತ್ತು.

“ಆಮ್ಯಾಲೆ ಬೇಗಂ ಏನ್ ಮಾಡಿದ್ಲು?”

“ಹೇಳಾಕ ಕಲ್ತಳು. ಯಾವುದು ಮುಟ್ಟಬೇಕು, ಯಾವುದು ಮುಟ್ಟಬಾರ್ದು, ಮುಟ್ಟಿದ ಮ್ಯಾಲೆ ಬಂದು ಏನಂತ ಹೇಳ್ಬೇಕು. ಜಿನ್ ಬಡವ, ಅವಂಗೇನ್ ಗೊತ್ತು?”

ಅವಳ ಪಕ್ಕದಲ್ಲೇ ಲ್ಯಾಪ್‌ಟಾಪ್ ಬಿಚ್ಚಿದೆ. ಕೊಡದೆ ಬಿಟ್ಟದ್ದು ಇದ್ದಂತೆಯೇ ಉಳಿಯುವ ಹಾಗೆ ಮೊದಲು ಟೂಲನ್ನು ಸರಿಮಾಡಿದೆ. ಆಮೇಲೆ ವಿವರಣೆ ಬರೆದೆ:

‘ಈಗಾಗಲೇ ಇರುವ ಒಂದು ಆರ್ಡರನ್ನು ತಿದ್ದಲು ಇದನ್ನು ಬಳಸು, ಹೊಸ ಆರ್ಡರಿಗೆ ಬೇಡ. ಗಿರಾಕಿ ಹೇಳಿದ್ದನ್ನಷ್ಟೇ ಕೊಡು. ಕೊಡದೆ ಬಿಟ್ಟದ್ದು ಮೊದಲಿನಂತೆಯೇ ಇರುತ್ತದೆ. ಒಂದೇ ಹೆಸರಿನ ಎರಡು ಆರ್ಡರ್ ಇದ್ದರೆ ಊಹಿಸಬೇಡ, ಕೇಳು. ಪಾತ್ರೆಯ ಪಟ್ಟಿಯ ಬಣ್ಣವನ್ನು ರಾಜಾಸಾಬರ ನಂಬರಿನಿಂದ ಮಾತು ಬಂದರೆ ಮಾತ್ರ ಬದಲಿಸು. ತಿದ್ದಿದ ಮೇಲೆ ಇಡೀ ಆರ್ಡರನ್ನು ಓದಿ ಹೇಳು.’

ದಾದಿಗೆ ಓದಿ ತೋರಿಸಿದೆ. “ಈಗ ಪರದೆಯಷ್ಟೇ ಬದಲಾಗ್ತೈತಿ,” ಎಂದು ಬೆಳ್ಳುಳ್ಳಿಗೆ ಮರಳಿದಳು.

ಪರೀಕ್ಷೆಗೆಂದು ಆರ್ಡರುಗಳ ನಕಲು ಮಾಡಿಟ್ಟಿದ್ದೆ. ಸಂಜೆ ಅಬ್ಬಾ ಬಂದವನೇ ದಾದಿಯ ಫೋನಿನಿಂದ ಏಜೆಂಟಿಗೆ ಕರೆಮಾಡಿ ದನಿ ಬದಲಿಸಿದ.

“ಕನಕಮ್ಮಾರ ಕಡಿಯಿಂದ ರೀ. ತಾರೀಖು ಒಂದಿನ ಮುಂದಕ್ಕ ಹಾಕ್ರಿ.”

ಉತ್ತರ ಬಂತು: ‘ಕನಕಮ್ಮನವರ ಹೆಸರಿನಲ್ಲಿ ಎರಡು ಆರ್ಡರ್ ಇವೆ. ಬಾಗಳಿಯ ಮದುವೆಯೋ, ಹಿರೇಹಡಗಲಿಯ ತೊಟ್ಟಿಲು ಕಾರ್ಯವೋ?’

ಅಬ್ಬಾ ಹುಬ್ಬೇರಿಸಿದ. “ಬಾಗಳಿದು ರೀ.”

‘ತಾರೀಖು ಬದಲಾಯಿತು. ಬಿಳಿ ಪಟ್ಟಿಯ ಪಾತ್ರೆ, ಶಾಮಿಯಾನ, ಕುರ್ಚಿ ಎಲ್ಲವೂ ಮೊದಲಿನಂತೆಯೇ ಇವೆ.’

“ಬಿಳಿ ಯಾಕ್ರಿ? ಕೆಂಪು ಪಟ್ಟಿಯವೇ ಕಳಿಸ್ರಿ, ನಡೀತೈತಿ.”

‘ಪಟ್ಟಿಯ ಬಣ್ಣ ಬದಲಿಸಲು ರಾಜಾಸಾಬರೇ ಹೇಳಬೇಕು.’

“ಲೇ, ನಾನೇ ರಾಜಾಸಾಬ್ ಅದೀನಿ!” ಅಬ್ಬಾನ ಸ್ವಂತ ದನಿ ಓಣಿಗೆಲ್ಲ ಕೇಳಿಸಿತು.

‘ಹಾಗಾದರೆ ದಯವಿಟ್ಟು ರಾಜಾಸಾಬರ ನಂಬರಿನಿಂದ ಹೇಳಿ.’

ದಾದಿ ಸೆರಗು ಬಾಯಿಗಿಟ್ಟು ನಕ್ಕಳು. ಅಬ್ಬಾ ಫೋನನ್ನು ಒಮ್ಮೆ, ತನ್ನ ತಾಯಿಯನ್ನು ಒಮ್ಮೆ ನೋಡಿದ.

“ನಿನ್ನಂಥದೇ ಜಿದ್ದಿಂದು ಐತಲ್ಲಮ್ಮಾ ಇದು. ನನ್ನ ಹಂಡೆನ ನನಗೇ ಕೊಡವಲ್ದು!”

ಎದ್ದು ಚಪ್ಪಲಿ ಮೆಟ್ಟಿಕೊಂಡು, ಬಾಗಿಲಲ್ಲಿ ನಿಂತ.

“ನೂರೀನ, ಬಾಗಳಿ ಮದುವಿ ಆ ಮಷೀನೇ ನೋಡ್ಕೊಳ್ಳಲಿ. ನಾನು ಆ ಬಿಳಿ ಪಟ್ಟಿಗೆ ಇನ್ನೊಂದು ಕೈ ಬಣ್ಣ ಹೊಡಿತೀನಿ.”