ಬಳೆಯಿಲ್ಲದ ಕೈ

ಗ್ಲ್ಯಾಡಿಸ್ ಬಾಯಿಯವರ ಎಡಗೈಯಲ್ಲಿ ಎರಡು ಚಿನ್ನದ ಬಳೆಗಳು. ಬಲಗೈ ಮಾತ್ರ ಮದುವೆಮನೆಯಲ್ಲೂ ಬರಿದು. ಅದು ದನಗಳ ಹೆರಿಗೆಗೆ ಮೀಸಲಾದ ಕೈ. ಹೊಟ್ಟೆಯೊಳಗೆ ಕಾಲು ಮಡಚಿ ಸಿಕ್ಕಿಕೊಂಡ ಕರುವನ್ನು ತಡಕಿ, ಕಾಲು ನೇರ ಮಾಡಿ, ತಾಯಿಗೆ ನೋವು ಬಂದಾಗ ಮಾತ್ರ ಎಳೆಯುವ ಆ ಕೈಯ ಪರಿಚಯ ಬೆಳ್ಮಣ್ಣು ಊರಿನ ದನದ ಹಟ್ಟಿಹಟ್ಟಿಗೂ ಇತ್ತು. ನೈಟಿಯ ಮೇಲೊಂದು ಮೈ ಒರೆಸುವ ಬೈರಾಸು ಹೊದ್ದು, ಅಂಗಳ ತಲುಪುವ ಮೊದಲೇ "ಬಿಸಿನೀರು ಉಂಟಾ?" ಎಂದು ಕೂಗುತ್ತಾ ಬರುವರು. ಡಾಕ್ಟರರಿಗೆ ಫೋನ್ ಮಾಡಲೇ ಎಂದರೆ, "ಮಾಡಿ ಮಾರಾಯ್ರೆ, ಅವರು ಬಂದು ಕರುವಿಗೆ ಹೆಸರಿಡಲಿ" ಎಂದು ನಗುವರು.

ಆದರೆ ಕೆಲವು ವರ್ಷಗಳಿಂದ ಆ ಬಲಗೈ ಬೈರಾಸಿನೊಳಗೇ ಸುತ್ತಿಕೊಂಡಿರುತ್ತಿತ್ತು. ಚಳಿಯಾ ಎಂದು ಕೇಳಿದರೆ, ಏಪ್ರಿಲಿನ ಸೆಕೆಯಲ್ಲೂ ಹೌದೆನ್ನುತ್ತಿದ್ದರು.

ಕಾರಣ, ನೆರೆಮನೆಯ ನಳಿನಾಕ್ಷಿಯ ದನ. ಕರು ಸುಖವಾಗಿ ಹುಟ್ಟಿತ್ತು. ಅದರ ಹಿಂದೆ ಬೀಳಬೇಕಾದ ಕಸ, ಅಂದರೆ ಮಾಸು, ಬೀಳದೆ ಜೋತಾಡುತ್ತಿತ್ತು. ತಾಯಿಯ ಕಾಲದಿಂದ ಬಂದ ಕ್ರಮದಂತೆ ಗ್ಲ್ಯಾಡಿಸ್ ಬಾಯಿ ಅದಕ್ಕೊಂದು ಕಲ್ಲು ಕಟ್ಟಿದರು. ಭಾರಕ್ಕೂ ಜಾರದಿದ್ದಾಗ, ನಳಿನಾಕ್ಷಿ ಬಿಸಿನೀರಿಗೆಂದು ಒಳಹೋದ ಹೊತ್ತಿನಲ್ಲಿ, ಕೈ ಹಾಕಿ ಎಳೆದರು. ಒಳಗೆ ಏನೋ ಹರಿದದ್ದು ಬೆರಳಿಗೆ ತಿಳಿಯಿತು. ಕೈ ತೊಳೆದುಕೊಂಡು ಮನೆಗೆ ಬಂದರು.

ದನಕ್ಕೆ ಜ್ವರ ಏರಿತು, ಗರ್ಭಕೋಶ ಕೀವುಗಟ್ಟಿತು, ಹಾಲು ಬತ್ತಿತು; ಮತ್ತೆಂದೂ ಗಬ್ಬ ನಿಲ್ಲಲಿಲ್ಲ. ಕುವೈತಿನಿಂದ ಬಂದಿದ್ದ ಆಚೆಮನೆಯ ಝೀಟಾ ಹೆರಿಗೆಯ ಮುಂಚಿನ ದಿನ ಬೇಲಿಯ ಬಳಿ ನಿಂತು "ಎಂತ ಚಂದದ ಕೆಚ್ಚಲು!" ಎಂದಿದ್ದಳು. ನಳಿನಾಕ್ಷಿಗೆ ಅಷ್ಟು ಸಾಕಾಯಿತು. "ಅವಳದ್ದೇ ಕಣ್ಣು ಬಿದ್ದದ್ದು, ಅಲ್ವಾ ಬಾಯಿ?" ಎಂದು ಅವಳು ಕೇಳಿದಾಗ ಗ್ಲ್ಯಾಡಿಸ್ ಬಾಯಿ ಹೌದೆಂದು ತಲೆಯಾಡಿಸಿದರು. ದನ ಕೆಟ್ಟದ್ದಕ್ಕಿಂತ ಆ ತಲೆಯಾಡಿಸಿದ್ದೇ ಅವರನ್ನು ಒಳಗೊಳಗೆ ಸುಡುತ್ತಿತ್ತು. ನಳಿನಾಕ್ಷಿಯ ಇನ್ನೊಂದು ದನದ ಹಾಲು ಝೀಟಾಳ ಮನೆಗೆ ಹೋಗುವುದು ನಿಂತಿತು, ಮಾತೂ ನಿಂತಿತು. ಇಗರ್ಜಿಯಲ್ಲಿ ಒಂದೇ ಬೆಂಚಿನಲ್ಲಿ ಕೂತ ಝೀಟಾ, "ನಾನು ಹಾಗೆಂತ ಹೇಳಿದ್ದು, ಬಾಯಿ?" ಎಂದು ಮೆಲ್ಲಗೆ ಕೇಳಿದರೆ, ಗ್ಲ್ಯಾಡಿಸ್ ಬಾಯಿ ಪ್ರಾರ್ಥನೆಯ ಪುಸ್ತಕದ ಹಾಳೆ ಮಗುಚುತ್ತಿದ್ದರು.

ಅಂದು ಹುಟ್ಟಿದ ಹೆಣ್ಣುಕರು ಈ ವರ್ಷ ತಾನೇ ಕರು ಹಾಕಿತು. ಅದರ ಕಸವೂ ಬೀಳಲಿಲ್ಲ. ಕರೆ ಬಂದಾಗ ಹೋಗದಿರಲು ಗ್ಲ್ಯಾಡಿಸ್ ಬಾಯಿಗೆ ನೆಪ ಸಿಗಲಿಲ್ಲ. ಹಟ್ಟಿಯಲ್ಲಿ ನೋಡಿದರೆ, ಝೀಟಾಳ ಕಣ್ಣು ಬೀಳದಂತೆ ಅವಳ ಮನೆಯ ಕಡೆಗೆ ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಲಾಗಿತ್ತು. ನಳಿನಾಕ್ಷಿ ಹಗ್ಗದೊಂದಿಗೆ ತೊಳೆದ ಕಲ್ಲೊಂದನ್ನು ತಂದಿಟ್ಟಳು.

"ತಗೊಳ್ಳಿ ಬಾಯಿ, ಹೋದ ಸಲದ್ದೇ ಕಲ್ಲು. ನಿಮಗೆ ಬೇಕಾಗ್ತದೆ ಅಂತ ಎತ್ತಿಟ್ಟಿದ್ದೆ."

ಎಳೆಯ ದನ ತಿರುಗಿ ನೋಡಿತು.

"ಬೇಡ."

"ಎಂತ ಬೇಡ?"

"ಕಲ್ಲು ಬೇಡ. ಡಾಕ್ಟರರಿಗೆ ಫೋನ್ ಮಾಡು." ಗ್ಲ್ಯಾಡಿಸ್ ಬಾಯಿಯ ಸ್ವರ ಇಳಿಯಿತು. "ಹೋದ ಸಲ ನೀನು ಒಳಗೆ ಹೋದಾಗ ನಾನು ಎಳೆದೆ. ಹರಿಯಿತು. ಇದರ ತಾಯಿ ಕೆಟ್ಟದ್ದು ನನ್ನ ಕೈಯಿಂದ. ಝೀಟಾ ಪಾಪ, ಎಂತ ಮಾಡಿದ್ದಾಳೆ?"

ನಳಿನಾಕ್ಷಿ ಫೋನ್ ಮಾಡಿದಳು. ಮಾತು ಮುಗಿಸಿ, ಅವರ ಮುಖ ನೋಡದೆ ಹೇಳಿದಳು: "ಇಷ್ಟು ಕಾಲ ಬಾಯಿ ಬಿಡಲಿಲ್ಲ ಅಲ್ವಾ ನೀವು? ಆ ಸೀರೆ ನೀವೇ ಬಿಚ್ಚಿ."

ಬೈರಾಸಿನಿಂದ ಬಲಗೈ ಹೊರಬಂತು. ಗಂಟು ಬಿಗಿಯಾಗಿತ್ತು. ಸೀರೆ ಜಾರಿದಾಗ ಆಚೆ ಬಟ್ಟೆ ಒಣಹಾಕುತ್ತಿದ್ದ ಝೀಟಾ ತಲೆಯೆತ್ತಿದಳು. ಗ್ಲ್ಯಾಡಿಸ್ ಬಾಯಿ ತಲೆ ತಗ್ಗಿಸಿದರು.

ಕೈಗುಣವುಳ್ಳವರೆಂದು ಹೆಸರಾದವರ ಗೆಲುವನ್ನೆಲ್ಲ ಊರು ಅವರ ಕೈಗೆ ಹಚ್ಚುತ್ತದೆ, ಸೋಲನ್ನು ಹಣೆಬರಹಕ್ಕೋ ನೆರೆಯವರ ಕಣ್ಣಿಗೋ ಹಚ್ಚಿಬಿಡುತ್ತದೆ. ಆ ದಯೆಯನ್ನು ಒಲ್ಲೆನೆನ್ನುವ ಬಲ ಅಂಥವರಿಗೆ ಬರುವುದು ತಡವಾಗಿ, ಯಾರದೋ ಮನೆಯ ಹಾಲು ನಿಂತ ಮೇಲೆ. ಬಂದಾಗ ಅದನ್ನು ಯಾರೂ ಕೈಗುಣ ಎನ್ನುವುದಿಲ್ಲ.