ರಾಜನ ಕಿವಿಯ ಕೆಳಗಿನ ಗೀರು

ನನ್ನ ಮೈದುನ ನಮ್ಮ ಮನೆಗೆ ಕಾಲಿಡುವುದನ್ನು ಬಿಟ್ಟದ್ದು ಒಂದು ಬೆಳ್ಳಿ ನಾಣ್ಯದ ದೆಸೆಯಿಂದ. ಅಣ್ಣತಮ್ಮಂದಿರು ಆಸ್ತಿಗಾಗಿ ದೂರವಾದರೆ ಅದಕ್ಕಾದರೂ ಒಂದು ಅರ್ಥವಿದೆ. ಇವರಿಬ್ಬರ ನಡುವೆ ಬಂದವನು ಎಂದೋ ಸತ್ತು ಮಣ್ಣಾದ ಯಾವನೋ ರಾಜ.

ನನ್ನ ಗಂಡ ಗಡಿಯಾರ ರಿಪೇರಿಯವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಪಕ್ಕದ ಮನೆ ಉರಿದರೂ ತಿಳಿಯುವುದಿಲ್ಲ. ಹಳೆ ನಾಣ್ಯ ಕೂಡಿಸುವವರ ಕೂಟದಲ್ಲಿ ಇವರ ಮಾತೇ ಕೊನೆ. ಆ ರಾಜನ ಒಂದು ನಾಣ್ಯವನ್ನು ಇವರಿಗೆ ನಾಣ್ಯ ಗುರುತಿಸುವುದನ್ನು ಕಲಿಸಿದ ಗುರುಗಳು ಕೊಟ್ಟಿದ್ದರು. ಅದನ್ನು ತಾಯಿ ನಾಣ್ಯ ಎನ್ನುತ್ತಿದ್ದರು. ಯಾರು ಆ ರಾಜನ ನಾಣ್ಯ ತಂದರೂ ಇದರ ಪಕ್ಕಕ್ಕಿಟ್ಟು ತೂಕ, ಅಂಚು, ರಾಜನ ಕಿವಿಯ ಕೆಳಗಿನ ಸಣ್ಣ ಗೀರು ನೋಡುವರು. ಗೀರಿದ್ದರೆ ಅಸಲಿ, ಇಲ್ಲದಿದ್ದರೆ ಖೋಟಾ.

ಖೋಟಾ ಎಂದು ತೀರ್ಮಾನವಾದದ್ದನ್ನು ಎಲ್ಲರೆದುರು ಉಳಿಯಿಟ್ಟು ಎರಡು ಹೋಳು ಮಾಡುವುದು ಕೂಟದ ಪದ್ಧತಿ. ಅದು ಇನ್ನೊಬ್ಬರಿಗೆ ಟೋಪಿ ಹಾಕದಿರಲಿ ಎಂದು.

ಮೈದುನ ಹಳೆ ನಾಣ್ಯ ಮಾರುವ ಪುಟ್ಟ ಅಂಗಡಿ ಇಟ್ಟಿದ್ದ. ಅಣ್ಣನೆಂದರೆ ಪ್ರಾಣ. ಆ ರಾಜನ ನಾಣ್ಯ ತನಗೂ ಸಿಕ್ಕಿತೆಂಬ ಖುಷಿಯಲ್ಲಿ ಒಂದು ದಿನ ಕೂಟಕ್ಕೆ ಓಡಿಬಂದ. ಅದರಲ್ಲಿ ಗೀರಿರಲಿಲ್ಲ. ಇವರು ತಮ್ಮನೆಂಬ ಮುಲಾಜಿಲ್ಲದೆ ಉಳಿ ಎತ್ತಿದರು. ಅವನು ಎರಡು ಹೋಳನ್ನೂ ಅಲ್ಲೇ ಬಿಟ್ಟು ಹೊರಟುಹೋದ. ಸುದ್ದಿ ಹಬ್ಬಿತು, ಗಿರಾಕಿಗಳು ನಿಂತರು, ಅಂಗಡಿ ಮುಚ್ಚಿತು. ಅವನೂ ಬರುವುದು ಬಿಟ್ಟ.

ಕರೆಯಿರಿ ಎಂದು ನಾನು ಗೋಗರೆದಾಗಲೆಲ್ಲ ಇವರದು ಒಂದೇ ಮಾತು. "ತಪ್ಪು ಒಪ್ಕೊಂಡು ಅವನೇ ಬರ್ಲಿ." ತನ್ನ ಪ್ರಾಮಾಣಿಕತೆಯೇ ತಲೆಗೇರಿದ ಮನುಷ್ಯನ ಜೊತೆ ಬಾಳುವುದು ಏನೆಂದು ನನ್ನನ್ನು ಕೇಳಬೇಕು. ಇವರು ಮನೆಗೆ ತಂದ ಆ ಹೋಳುಗಳನ್ನು ಮಾತ್ರ ನಾನು ಬಟ್ಟೆಯಲ್ಲಿ ಕಟ್ಟಿಟ್ಟುಕೊಂಡಿದ್ದೆ, ಮೈದುನನ ನೆನಪಿಗೆ.

ವಯಸ್ಸಾದ ಮೇಲೆ ಇವರಿಗೆ ತಮ್ಮ ಸಂಗ್ರಹವನ್ನೆಲ್ಲ ಮ್ಯೂಸಿಯಂಗೆ ಕೊಡುವ ಹುಕಿ ಹತ್ತಿತು. ಪರೀಕ್ಷಿಸಲು ಅಲ್ಲಿಂದ ಒಬ್ಬ ಹುಡುಗಿ ಬಂದಳು. ಗೀರು ನೋಡಿ ಇವರು ಕೂಡಿಸಿದ್ದ ಆ ರಾಜನ ನಾಣ್ಯಗಳನ್ನು ಸಾಲಾಗಿಟ್ಟು ಒಂದೊಂದನ್ನೇ ಎತ್ತಿ ನೋಡಿದಳು.

"ಸರ್, ಎಲ್ಲದಕ್ಕೂ ಒಂದೇ ಜಾಗದಲ್ಲಿ ಗೀರಿದೆಯಲ್ಲ."

"ಅದೇ ಗುರುತಮ್ಮ," ಎಂದರು ಇವರು ಬೀಗುತ್ತ.

"ಗೀರು ಅಂದ್ರೆ ಕೈಯಿಂದ ಕೈಗೆ ಓಡಾಡಿ ಆದ ಗಾಯ ಸರ್. ಒಂದೊಂದಕ್ಕೆ ಒಂದೊಂದು ಕಡೆ ಆಗಿರುತ್ತೆ. ಗಾಯ ಆಗಿದ್ದ ಒಂದು ನಾಣ್ಯದಿಂದ ಅಚ್ಚು ತೆಗೆದು ಇವನ್ನೆಲ್ಲ ಎರಕ ಹೊಯ್ದಿದಾರೆ." ತಾಯಿ ನಾಣ್ಯದ ಅಂಚು ತಿರುಗಿಸಿದಳು. ಅಚ್ಚಿನ ಎರಡು ಭಾಗ ಕೂಡಿದ ಗೆರೆಯನ್ನು ಅರದಿಂದ ಉಜ್ಜಿ ಮರೆಸಿದ್ದರು. "ಇದೂ ಅಷ್ಟೇ ಸರ್."

ನಾನು ಒಳಗೆ ಹೋಗಿ ಬಟ್ಟೆಯ ಗಂಟು ತಂದೆ. ಅವಳು ಹೋಳುಗಳನ್ನು ಜೋಡಿಸಿದಳು, ತೂಗಿದಳು, ಕತ್ತರಿಸಿದ ಕಡೆ ಬೆಳ್ಳಿಯನ್ನು ನೋಡಿದಳು.

"ಅಯ್ಯೋ, ಇದೊಂದು ಅಸಲಿ. ಯಾರಮ್ಮ ಕತ್ತರಿಸಿದ್ದು?"

ಇವರು ತಲೆ ಎತ್ತಲಿಲ್ಲ. ನನಗೆ ಬೈಯಬೇಕೆನ್ನಿಸಿತು, ಆದರೆ ಆ ಮುಖ ನೋಡಿ ಹೋಳುಗಳನ್ನು ಮತ್ತೆ ಬಟ್ಟೆಯಲ್ಲಿ ಕಟ್ಟಿದೆ. ಮಾರನೆಯ ದಿನ ಬೆಳಿಗ್ಗೆಯೇ ಮೈದುನನ ಮನೆಗೆ ಹೊರಟೆವು.

ಅವನೀಗ ಔಷಧಿ ಗೋದಾಮಿನಲ್ಲಿ ಡಬ್ಬ ಕಟ್ಟುವ ಕೆಲಸದಲ್ಲಿದ್ದ. ಒಂದೇ ಕೋಣೆಯ ಮನೆ. ಬಾಗಿಲು ತೆರೆದವನು ಅಣ್ಣನನ್ನು ಕಂಡು ಹಾಗೇ ಕಾಲಿಗೆ ಬಿದ್ದ.

"ಕ್ಷಮಿಸಿಬಿಟ್ಯಾ ಅಣ್ಣ? ನಿನಗೆ ಮುಖ ತೋರ್ಸೋಕೆ ಆಗ್ದೆ ಬರ್ಲಿಲ್ಲ. ಎಲ್ಲರೆದುರು ನಿನ್ನ ಹೆಸರಿಗೂ ಮಸಿ ಬಳಿದೆ. ನನ್ನ ಕಣ್ಣು ನಂಬೋ ಹಾಗಿಲ್ಲ ಅಂತ ಅವತ್ತೇ ಗೊತ್ತಾಯ್ತು. ಅಂಗಡೀಲಿ ಇದ್ದಿದ್ದೂ ಖೋಟಾನೇ ಇರ್ಬೇಕು, ಯಾರ ಕೈಗೂ ಹೋಗೋದು ಬೇಡ ಅಂತ ಎಲ್ಲಾ ಕರಗಿಸಿಬಿಟ್ಟೆ."

ನಾವು ಅವನಿಗೆ ಸಿಟ್ಟು ಎಂದುಕೊಂಡಿದ್ದೆವು. ಆದದ್ದನ್ನೆಲ್ಲ ನಾನೇ ಹೇಳಬೇಕಾಯಿತು. ಅವನು ಗೋಡೆಗೆ ಒರಗಿ ಕೊನೆಯತನಕ ಕೇಳಿದ.

"ಹಾಗಾದ್ರೆ ನಾನು ಕರಗಿಸಿದ್ದೂ ಅಸಲೀನೇ ಇದ್ವಾ ಅಣ್ಣ?"

ಈಗಲೂ ಅವನು ಕೇಳಿದ್ದು ಅಣ್ಣನನ್ನೇ. ಇವರು ತಮ್ಮನ ಕೈ ಹಿಡಿದುಕೊಂಡರು.

"ಗೊತ್ತಿಲ್ಲ ಕಣೋ," ಎಂದರು.